ಹೊಸಿಲು ಕಾಯುವ ಎರಡು ಕಾನೂನು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡುವವರಿಗೆ ಮಾಚೇನಹಳ್ಳಿಯ ಕೆ.ಎಸ್.ಆರ್.ಪಿ. 8ನೇ ಪಡೆ ಗೊತ್ತು. ಗಲಭೆಯಾಗಲಿ, ಚುನಾವಣೆ ಬರಲಿ, ಮಂತ್ರಿ ಬರಲಿ, ವ್ಯಾನು ಹತ್ತಬೇಕಾದ ಜನ. ಇವರು ಇನ್ನೊಬ್ಬರ ಬಾಗಿಲಲ್ಲಿ ಬಂದೋಬಸ್ತಿಗೆ ನಿಂತಾಗ ಇವರ ಹೆಂಡತಿ ಮಕ್ಕಳನ್ನು ಕಾಯೋರು ಯಾರು? ಈ ಪ್ರಶ್ನೆ ಇಟ್ಟುಕೊಂಡೇ ನಾವು ಎರಡು ಕಾನೂನುಗಳನ್ನು ಓದಿದೆವು.

ಮೊದಲನೆಯದು 1988ರ ಎಸ್.ಪಿ.ಜಿ. ಕಾನೂನು. 1984ರಲ್ಲಿ ಇಂದಿರಾ ಗಾಂಧಿಯವರನ್ನು ಅವರ ಮನೆಯಂಗಳದಲ್ಲಿ ಕಾವಲಿನವರೇ ಕೊಂದ ಮೇಲೆ ಹುಟ್ಟಿದ ದಳ ಇದು. ಪ್ರಧಾನಿಯ ಜೊತೆ ಹತ್ತಿರದ ಕುಟುಂಬವನ್ನೂ ಕಾಯಬೇಕು ಅಂತ ಕಾನೂನು ಹೇಳಿತು. 2019ರ ತಿದ್ದುಪಡಿ ಅದನ್ನು ಸರ್ಕಾರಿ ನಿವಾಸದಲ್ಲಿ ಪ್ರಧಾನಿಯ ಜೊತೆಗೇ ಇರುವ ಕುಟುಂಬಕ್ಕೆ ನಿಲ್ಲಿಸಿತು. ಮಾಜಿಯಾದರೆ ಐದು ವರ್ಷ. ಇದನ್ನು ನಾವು ಗೇಲಿ ಮಾಡುವುದಿಲ್ಲ. ಕೊಲೆಯ ಭಯ ನಿಜ. ಬರೆದವರಿಗೆ ಒಂದು ಸತ್ಯ ಗೊತ್ತಿತ್ತು: ಹುದ್ದೆಯಲ್ಲಿರುವವನನ್ನು ಬಗ್ಗಿಸಬೇಕಾದರೆ ಅವನ ಮನೆ ಮುಟ್ಟಿದರೆ ಸಾಕು.

ಈ ಸತ್ಯ ದೆಹಲಿಯಿಂದ ತಾಲ್ಲೂಕು ಕಚೇರಿಗೆ ಇಳಿಯುವಷ್ಟರಲ್ಲಿ ಎಲ್ಲಿ ಕಳೆದುಹೋಗುತ್ತದೆ? 2020ರ ಜುಲೈನಲ್ಲಿ ಬಂಗಾರಪೇಟೆಯ ತಹಸೀಲ್ದಾರರು ಜಮೀನು ಅಳೆಯಲು ಹೋಗಿ ಚಾಕು ಇರಿತಕ್ಕೆ ಸತ್ತರು. ಸತ್ತ ಮೇಲೆ ಕುಟುಂಬಕ್ಕೆ 25 ಲಕ್ಷ ಘೋಷಣೆಯಾಯಿತು. 2023ರ ನವೆಂಬರಿನಲ್ಲಿ ಗಣಿ ಇಲಾಖೆಯ ಮಹಿಳಾ ಅಧಿಕಾರಿಯೊಬ್ಬರು ಬೆಂಗಳೂರಿನ ತಮ್ಮ ಮನೆಯಲ್ಲೇ ಕೊಲೆಯಾದರು. ಗಂಡ, ಮಗ ಇದ್ದದ್ದು ನಮ್ಮ ತೀರ್ಥಹಳ್ಳಿ ಕಡೆ. ಸರಹದ್ದಿನ ಕಲ್ಲು ನೆಡುವವರು, ರಾತ್ರಿ ಮರಳು ಲಾರಿಗೆ ಕೈ ಅಡ್ಡ ಹಿಡಿಯುವವರು, ಅಪಾಯ ಇರೋದು ಇವರಿಗೆ. ಕಾವಲು ನಿಲ್ಲೋದು ಅಂತಸ್ತು ನೋಡಿ. ಶ್ರೇಣಿಯ ಈ ಲೆಕ್ಕ ನಮ್ಮ ಕೇರಿಗೆ ಹೊಸದೇನಲ್ಲ.

ಕೋರ್ಟಿನಲ್ಲಿ ಸಾಕ್ಷಿ ಹೇಳುವುದೂ ಸಾರ್ವಜನಿಕರ ಕೆಲಸವೇ. ಸಾಕ್ಷಿಗೂ ಒಂದು ಮನೆ ಇರುತ್ತದೆ. ಎರಡನೆಯ ಕಾನೂನು, 1989ರ ದೌರ್ಜನ್ಯ ತಡೆ ಕಾಯ್ದೆ, ಈ ಮಾತನ್ನು ತಡವಾಗಿ ಕಲಿಯಿತು. ನೊಂದವರು, ಅವರನ್ನು ನಂಬಿಕೊಂಡವರು, ಸಾಕ್ಷಿಗಳು, ಇವರ ರಕ್ಷಣೆ ಸರ್ಕಾರದ ಹೊಣೆ ಅನ್ನುವ 15ಎ ಕಲಂ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಕಂಬಾಲಪಲ್ಲಿ ಆಗಿಹೋಗಿತ್ತು. 2000ದ ಮಾರ್ಚ್ 11ರಂದು ಏಳು ದಲಿತರು ಮನೆಯೊಳಗೇ ಸುಟ್ಟು ಸತ್ತರು. ಸಾಕ್ಷಿಗಳು ಕೋರ್ಟಿನಲ್ಲಿ ಉಲ್ಟಾ ಹೊಡೆದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆ ಸಾಕ್ಷಿಗಳನ್ನು ಬೈಯಲು ನಮಗೆ ಬಾಯಿ ಬರುವುದಿಲ್ಲ.

ಗೆಳೆಯರೆ, ಮೇಷ್ಟ್ರೆ, ನಿಮ್ಮೂರಿನಲ್ಲಿ ದೌರ್ಜನ್ಯದ ಕೇಸು ದಾಖಲಾದ ದಿನವೇ 15ಎ ಹೆಸರು ಹಿಡಿದು ಅರ್ಜಿ ಬರೆದುಕೊಡಿ. ಸಾಕ್ಷಿಯ ಹೆಸರಿನ ಕೆಳಗೆ ಅವನ ಮನೆಯವರ ಹೆಸರನ್ನೂ ಬರೆಯಿರಿ. ಅರ್ಜಿ ತಗೊಂಡದ್ದಕ್ಕೆ ರಸೀದಿ ಇಸ್ಕೊಳ್ಳಿ.