ಕೆಳಮನೆ, ಮೇಲ್ಮನೆ ಮತ್ತು ನಮ್ಮ ಕೇರಿ

ಪೌರನೀತಿ ಅಂತ ಒಂದು ಪಾಠವನ್ನು ನಾವೆಲ್ಲ ಇಸ್ಕೂಲಿನಲ್ಲಿ ಉರು ಹೊಡೆದವರೇ. ರಾಜ್ಯದ ಶಾಸಕಾಂಗಕ್ಕೆ ಎರಡು ಮನೆ. ವಿಧಾನಸಭೆ ಅನ್ನೋದು ಕೆಳಮನೆ, ವಿಧಾನ ಪರಿಷತ್ತು ಅನ್ನೋದು ಮೇಲ್ಮನೆ. ಮೇಷ್ಟ್ರು ಇಷ್ಟು ಹೇಳುವಾಗಲೇ ಹಿಂದಿನ ಬೆಂಚಿನಲ್ಲಿ ಕೂತಿದ್ದ ಕೇರಿ ಹೈಕಳಿಗೆ ನಗು ಬರುತ್ತಿತ್ತು. ನಮ್ಮೂರಲ್ಲೂ ಹಂಗೇ ಅಲ್ವ? ಮೇಲೆ ಅವರ ಬೀದಿ, ಕೆಳಗೆ ನಮ್ಮ ಕೇರಿ. ಆದರೆ ಸರ್ಕಾರದಲ್ಲಿ ಕೆಳಗಿನ ಮನೆಗೇ ಹೆಚ್ಚು ಅಧಿಕಾರ ಅಂತ ಮೇಷ್ಟ್ರು ಹೇಳಿದರು. ನಾವು ನಂಬಿದೆವು. ಪರೀಕ್ಷೆಯಲ್ಲಿ ಹಾಗೇ ಬರೆದು ನಂಬರೂ ತಗೊಂಡೆವು.

ಈಗ ಅದೇ ಪಾಠವನ್ನು ನಂಜನಗೂಡು, ತಿರುಮಕೂಡಲು ನರಸೀಪುರ ಈ ಎರಡು ತಾಲ್ಲೂಕಿನ ಕೇರಿಗಳಲ್ಲಿ ಕೂತು ಮತ್ತೆ ಓದಬೇಕಾಗಿದೆ. ಕಥೆ ಕಾವ್ಯವನ್ನು ಮಾತ್ರ ವಿಮರ್ಶೆ ಮಾಡಬೇಕು ಅಂತ ಯಾರೂ ಕಟ್ಟಳೆ ಮಾಡಿಲ್ಲ. ನಮ್ಮ ಮಕ್ಕಳ ತಲೆಗೆ ಹೋಗುವ ಪಾಠವೂ ಒಂದು ಕೃತಿಯೇ. ಅದು ಏನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಅಂತ ನೋಡುವುದು ವಿಮರ್ಶೆಯ ಕೆಲಸ.

ಪಾಠದ ಲೆಕ್ಕ ಸರಿಯಾಗಿಯೇ ಇದೆ. 1952ರಲ್ಲಿ ಹಳೇ ಮೈಸೂರು ರಾಜ್ಯದ ವಿಧಾನಸಭೆಗೆ ಜನ ಆರಿಸಿದ್ದು 99 ಸದಸ್ಯರನ್ನು. ಏಕೀಕರಣ ಆದ ಮೇಲೆ 1957ರಲ್ಲಿ ಅದು 208 ಆಯಿತು, 1967ರಲ್ಲಿ 216, 1978ರಿಂದ 224. ಆಂಗ್ಲೋ ಇಂಡಿಯನ್ನರ ಪರವಾಗಿ ನಾಮಕರಣ ಮಾಡುತ್ತಿದ್ದ ಒಂದು ಸ್ಥಾನ 2020ರಲ್ಲಿ ರದ್ದಾಯಿತು. ಅವಧಿ 5 ವರ್ಷ. ಒಬ್ಬ ಸಭಾಧ್ಯಕ್ಷ, ಒಬ್ಬ ಉಪಸಭಾಧ್ಯಕ್ಷ. ಹತ್ತರಲ್ಲಿ ಒಂದು ಪಾಲು ಸದಸ್ಯರು ಕೂತಿದ್ದರೆ ಸಭೆ ನಡೆಯಬಹುದು. ಎಲ್ಲ ಸರಿ. ಆದರೆ ಈ ಅಂಕಿಗಳಿಗೂ ಮುಂಚಿನ ಒಂದು ಅಂಕಿ ಇದೆ. 1881ರಲ್ಲಿ ದಿವಾನ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದಾಗ ಅಲ್ಲಿ 144 ಜನ ಇದ್ದರು. ದೇಶಕ್ಕೇ ಮಾದರಿ ಅಂತ ನಾವು ಓದಿದ್ದೇವೆ. ಆ ಪ್ರತಿನಿಧಿಗಳು ಯಾರು? ಹೆಚ್ಚಾಗಿ ಜಮೀನು ಉಳ್ಳವರು ಮತ್ತು ವ್ಯಾಪಾರಸ್ಥರು. ಅಂದರೆ ಜಮೀನು ಇದ್ದವನು ಪ್ರಜೆ. ಆ ಜಮೀನನ್ನು ಉತ್ತವನು, ಅದರ ಕಳೆ ಕಿತ್ತವಳು ಪ್ರಜೆ ಅಲ್ಲ. ನಮ್ಮ ಸದನದ ಹುಟ್ಟು ಇಂಥದು.

ಆಮೇಲೆ ಬಾಬಾಸಾಹೇಬರ ಸಂವಿಧಾನ ಬಂತು. ಎಲ್ಲರಿಗೂ ಓಟು ಬಂತು, ನಮಗೆ ಮೀಸಲು ಸ್ಥಾನ ಬಂತು. ಇದನ್ನು ಸಣ್ಣದು ಅಂತ ಹೇಳುವಷ್ಟು ಕೃತಘ್ನರು ನಾವಲ್ಲ. 1978ರಿಂದ 2004ರವರೆಗಿನ ಚುನಾವಣೆಗಳಲ್ಲಿ ಪರಿಶಿಷ್ಟ ಜಾತಿಗೆ 33, ಪರಿಶಿಷ್ಟ ವರ್ಗಕ್ಕೆ 2 ಸ್ಥಾನ ಇದ್ದವು. 2008ರ ಮರುವಿಂಗಡಣೆಯಲ್ಲಿ ಅದು 36 ಮತ್ತು 15 ಆಯಿತು. ಮೈಸೂರು ಜಿಲ್ಲೆಯ 11 ಕ್ಷೇತ್ರಗಳಲ್ಲಿ ಹೆಗ್ಗಡದೇವನಕೋಟೆ ಪರಿಶಿಷ್ಟ ವರ್ಗಕ್ಕೆ ಹೋಯಿತು. ನರಸೀಪುರ ಮೊದಲೇ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು, ನಂಜನಗೂಡು ಹೊಸದಾಗಿ ಸೇರಿತು. ಇವೇ ಎರಡು ತಾಲ್ಲೂಕಿನ ಒಂದಷ್ಟು ಹಳ್ಳಿಗಳನ್ನು ಮೈಸೂರು ತಾಲ್ಲೂಕಿನ ಹಳ್ಳಿಗಳ ಜೊತೆ ಸೇರಿಸಿ ವರುಣಾ ಅಂತ ಸಾಮಾನ್ಯ ಕ್ಷೇತ್ರ ಮಾಡಿದರು. 2013ರಲ್ಲೂ 2023ರಲ್ಲೂ ಸಿದ್ದರಾಮಯ್ಯನವರು ಅಲ್ಲಿಂದ ಗೆದ್ದು ಮುಖ್ಯಮಂತ್ರಿ ಆದರು. ಪಕ್ಕದ ಎರಡು ಮೀಸಲು ಕ್ಷೇತ್ರಗಳಿಂದ ಗೆದ್ದವರು ಬಹಳ ಅಂದರೆ ಮಂತ್ರಿ ಆದರು. 1947ರಿಂದ 2023ರ ಚುನಾವಣೆ ಆದ ಮೇಲೆ ಬಂದ ಸರ್ಕಾರದವರೆಗೆ ಈ ರಾಜ್ಯಕ್ಕೆ ಒಬ್ಬ ದಲಿತ ಮುಖ್ಯಮಂತ್ರಿ ಆಗಲಿಲ್ಲ.

ಮೀಸಲು ಕ್ಷೇತ್ರ ಅಂದರೆ ಏನು ಅನ್ನುವುದನ್ನು ಪಾಠ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ನಿಲ್ಲುವವನು ನಮ್ಮವನೇ ಆಗಿರಬೇಕು, ಓಟು ಮಾತ್ರ ಎಲ್ಲರೂ ಹಾಕುತ್ತಾರೆ. ಈ ಸಾಲಿನ ಹಿಂದೆ 1932ರ ಸೆಪ್ಟೆಂಬರ್ 24ರ ಪುಣೆ ಒಪ್ಪಂದ ಇದೆ. ನಮ್ಮ ಪ್ರತಿನಿಧಿಯನ್ನು ನಾವೇ ಆರಿಸುವ ಪ್ರತ್ಯೇಕ ಮತಕ್ಷೇತ್ರ ಬೇಕು ಅಂತ ಅಂಬೇಡ್ಕರ್ ಕೇಳಿದ್ದರು. ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಕೊನೆಗೆ ಅಂಬೇಡ್ಕರ್ ಒಪ್ಪಬೇಕಾಯಿತು. ಸ್ಥಾನಗಳ ಸಂಖ್ಯೆ ಹೆಚ್ಚಿತು, ಆರಿಸುವ ಹಕ್ಕು ಹಂಚಿಹೋಯಿತು. ಆ ಒಪ್ಪಂದದಲ್ಲೂ ಒಂದು ಕಟ್ಟು ಇತ್ತು. ಮೊದಲ ಸುತ್ತಿನಲ್ಲಿ ದಲಿತರೇ 4 ಜನರನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬನನ್ನು ಎಲ್ಲರೂ ಸೇರಿ ಗೆಲ್ಲಿಸಬೇಕು. ಈಗಿನ ಪದ್ಧತಿಯಲ್ಲಿ ಆ ಮೊದಲ ಸುತ್ತೇ ಇಲ್ಲ. ಅದನ್ನು ಈಗ ಪಕ್ಷದ ಹೈಕಮಾಂಡು ಬಿ ಫಾರಂ ಕೊಡುವ ಕೋಣೆಯಲ್ಲಿ ನಡೆಸುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ನಂಜನಗೂಡಿನ 2017ರ ಉಪಚುನಾವಣೆ ಸಾಕು. ವಿ. ಶ್ರೀನಿವಾಸಪ್ರಸಾದ್ ಕಂದಾಯ ಮಂತ್ರಿ ಆಗಿದ್ದರು. 2016ರಲ್ಲಿ ಅವರನ್ನು ಸಂಪುಟದಿಂದ ಕೈಬಿಟ್ಟರು. ಸ್ವಾಭಿಮಾನದ ಮಾತೆತ್ತಿ ಅವರು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿ ನಿಂತರು. ಎದುರಿಗೆ ಕಾಂಗ್ರೆಸ್ಸಿನಿಂದ ಕಳಲೆ ಕೇಶವಮೂರ್ತಿ. ಇಬ್ಬರೂ ದಲಿತರೇ. ಆದ್ದರಿಂದ ಕೇರಿ ಓಟು ಎರಡು ಪಾಲಾಯಿತು. ಎರಡು ಪಕ್ಷದ ದೊಡ್ಡವರೂ ಬೆನ್ನು ಹತ್ತಿದ್ದು ಯಾವ ಓಟನ್ನು? ಲಿಂಗಾಯತರ ಓಟು ಯಾವ ಕಡೆ ಅನ್ನುವುದೇ ಊರೂರಲ್ಲಿ ಮಾತಾಗಿತ್ತು. ಕೇಶವಮೂರ್ತಿ ಗೆದ್ದರು. ಇಲ್ಲಿ ನಾವು ಯಾವ ಜಾತಿಯ ಓಟನ್ನೂ ದೂರುತ್ತಿಲ್ಲ, ಓಟು ಎಲ್ಲರ ಹಕ್ಕು. ಆದರೆ ನಮ್ಮ ಹೆಸರಿನ ಕುರ್ಚಿಗೆ ಕೂರುವವನು ಯಾರ ಜಗಲಿಗೆ ಮೊದಲು ಹೋಗಬೇಕು ಅನ್ನುವುದನ್ನು ಈ ಪದ್ಧತಿ ತೀರ್ಮಾನ ಮಾಡಿಬಿಡುತ್ತದೆ. ನಾಳೆ ಹೋಟೆಲಿನಲ್ಲಿ ಲೋಟ ಬೇರೆ ಇಟ್ಟರೆ, ದೇವಸ್ಥಾನದ ಬಾಗಿಲು ಹಾಕಿದರೆ, ಆ ಶಾಸಕ ಬಾಯಿ ಬಿಡುವ ಮೊದಲು ಲೆಕ್ಕ ಹಾಕುತ್ತಾನೆ. ನಮ್ಮ ಹಿರೀಕರು ಕೇಳುವುದು ಇದನ್ನೇ: ‘ನಮ್ಮ ಕೈಲಿ ಓಟ ಹಾಕಿಸ್ಕಂಡು ಅವ್ರ ಜಗಲಿ ಮ್ಯಾಲ ಕೂತ್ಕಂಡ್ರ ನಾವು ಯಾರ್ನ ಕೇಳವು?’

ಬದನವಾಳು ನಂಜನಗೂಡು ತಾಲ್ಲೂಕಿನದೇ. 1993ರಲ್ಲಿ ದೇವಸ್ಥಾನ ಪ್ರವೇಶದ ಜಗಳದ ಬೆನ್ನಿಗೆ ಅಲ್ಲಿ ಮೂವರು ದಲಿತರ ಕೊಲೆ ಆಯಿತು. ಮೈಸೂರಿನ ನ್ಯಾಯಾಲಯದಲ್ಲಿ ಶಿಕ್ಷೆ ಆಗುವ ಹೊತ್ತಿಗೆ 2010 ಬಂದಿತ್ತು. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಕೆತ್ತಿದ್ದಾರೆ. ದೇವರ ಬಾಗಿಲಿಗೆ ಹೋದದ್ದಕ್ಕೇ ಹೆಣ ಬಿದ್ದ ಊರಿನವರು ಆ ಸಾಲನ್ನು ಹೇಗೆ ಓದಬೇಕು?

2018ರಲ್ಲಿ ನಂಜನಗೂಡಿನಿಂದ ಗೆದ್ದವರು ಶ್ರೀನಿವಾಸಪ್ರಸಾದರ ಅಳಿಯ ಹರ್ಷವರ್ಧನ್. 2023ರಲ್ಲಿ ಅವರನ್ನು ಸೋಲಿಸಿದವರು ಅದೇ ಮಾರ್ಚಿಯಲ್ಲಿ ತೀರಿಕೊಂಡ ಆರ್. ಧ್ರುವನಾರಾಯಣರ ಮಗ ದರ್ಶನ್. ಆ ಹಿರಿಯರು ಇಬ್ಬರೂ ಕೆಳಗಿನಿಂದ ಬೆಳೆದು ಬಂದವರು, ಅವರ ಬಗ್ಗೆ ನಮಗೆ ಗೌರವ ಇದೆ. ಧ್ರುವನಾರಾಯಣ 2004ರಲ್ಲಿ ಸಂತೇಮರಹಳ್ಳಿ ಮೀಸಲು ಕ್ಷೇತ್ರದಿಂದ ಒಂದೇ ಒಂದು ಓಟಿನಲ್ಲಿ ಗೆದ್ದದ್ದನ್ನು ಇವತ್ತಿಗೂ ಜನ ನೆನೆಯುತ್ತಾರೆ. ಒಂದು ಓಟಿಗೆ ಅಷ್ಟು ಬೆಲೆ ಇರುವ ಕಡೆ, ಮೀಸಲು ಕುರ್ಚಿ ಎರಡು ಮನೆತನದ ನಡುವೆ ಓಡಾಡಿದರೆ ಉಳಿದ ಕೇರಿಯ ಹುಡುಗ ಹುಡುಗಿಯರು ಎಲ್ಲಿ ನಿಲ್ಲಬೇಕು?

ಗೆದ್ದು ಒಳಗೆ ಹೋದ ಮೇಲೆ ಏನಾಗುತ್ತದೆ? ಪಾಠ ಇಲ್ಲಿ ಪೂರ್ತಿ ಮೂಕ. ಪಕ್ಷ ವಿಪ್ ಕೊಡುತ್ತದೆ. 1985ರಿಂದ ಪಕ್ಷಾಂತರ ನಿಷೇಧ ಕಾನೂನು ಇದೆ, ವಿಪ್ ಮೀರಿ ಓಟು ಹಾಕಿದರೆ ಸದಸ್ಯತ್ವಕ್ಕೇ ಸಂಚಕಾರ. ಕಾಸಿಗೆ ಪಕ್ಷ ಮಾರುವವರನ್ನು ತಡೆಯಲು ತಂದ ಕಾನೂನು ಅದು. ಅದೇ ಹಗ್ಗ ಆತ್ಮಸಾಕ್ಷಿಯಿಂದ ಮಾತಾಡುವವನ ಕೊರಳಿಗೂ ಬೀಳುತ್ತದೆ. ಮೀಸಲು ಸ್ಥಾನದ 36 ಜನ ಒಟ್ಟಾಗಿ ಒಂದು ಮಾತಿಗೆ ನಿಂತರೆ ಸರ್ಕಾರ ಅಲ್ಲಾಡೀತು. ಆದರೆ ಅವರು ಬೇರೆ ಬೇರೆ ಪಕ್ಷದ ಹಗ್ಗದಲ್ಲಿ ಬೇರೆ ಬೇರೆ ಗೂಟಕ್ಕೆ ಕಟ್ಟಿಸಿಕೊಂಡವರು.

ಮಂತ್ರಿ ಆದರೂ ಅಷ್ಟೇ. ಮುಖ್ಯಮಂತ್ರಿ ಸೇರಿ 34ಕ್ಕಿಂತ ಹೆಚ್ಚು ಮಂತ್ರಿಗಳು ಇರುವ ಹಾಗಿಲ್ಲ. ಆ 34ರಲ್ಲಿ ಒಬ್ಬರಾದವರು ಇಡೀ ಸಂಪುಟದ ಮಾತನ್ನೇ ಆಡಬೇಕು. ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿ. 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಬೀದಿ ಹೊತ್ತಿಕೊಂಡಿತು, ಅವರು ಕುರ್ಚಿ ಬಿಡಬೇಕಾಯಿತು. ಸದನದೊಳಗಿನ ಕುರ್ಚಿ ಅವರ ಒಂದು ಮಾತನ್ನು ತಾಳಲಿಲ್ಲ. ಆದರೆ ಆ ಗಲಾಟೆಯಿಂದ ನಮ್ಮ ಚಳುವಳಿಗೆ ಬಲ ಬಂತು.

ನರಸೀಪುರದ ಡಾ. ಎಚ್.ಸಿ. ಮಹದೇವಪ್ಪ 1985ರಲ್ಲೇ ಗೆದ್ದವರು. 2018ರಲ್ಲಿ ಅಶ್ವಿನ್ ಕುಮಾರ್ ಎದುರು ಸೋತು 2023ರಲ್ಲಿ ಮತ್ತೆ ಬಂದು ಸಮಾಜ ಕಲ್ಯಾಣ ಮಂತ್ರಿ ಆದರು. ಪರಿಶಿಷ್ಟರ ಜನಸಂಖ್ಯೆಗೆ ತಕ್ಕಷ್ಟು, ಅಂದರೆ ನೂರಕ್ಕೆ 24.1 ಪಾಲು ಅಭಿವೃದ್ಧಿ ಹಣ ಇಡಬೇಕು ಅಂತ 2013ರ ಕಾನೂನು ಹೇಳುತ್ತದೆ. ಎಲ್ಲರಿಗೂ ಆಗುವ ರಸ್ತೆ ಸೇತುವೆ ಖರ್ಚನ್ನೂ ನಮ್ಮ ಲೆಕ್ಕಕ್ಕೆ ಬರೆಯಲು ಅದರ 7(ಡಿ) ಕಲಮಿನಲ್ಲಿ ಒಂದು ಕಿಂಡಿ ಇತ್ತು. 2023ರಲ್ಲಿ ಆ ಕಿಂಡಿ ಮುಚ್ಚಿದರು. ಇದು ಒಳ್ಳೆಯ ಕೆಲಸ, ಹೇಳಲೇಬೇಕು. ಅದೇ ಸರ್ಕಾರ ಅದೇ ನಿಧಿಯನ್ನು ಗ್ಯಾರಂಟಿ ಯೋಜನೆಗಳಿಗೆ ಕೊಟ್ಟಿತು. ದಲಿತ ಸಂಘಟನೆಗಳು ಪ್ರಶ್ನೆ ಮಾಡಿದವು. ಪರಿಶಿಷ್ಟ ಫಲಾನುಭವಿಗಳ ಪಾಲಿಗೆ ಮಾತ್ರ ಕೊಟ್ಟಿದ್ದೇವೆ ಅನ್ನುವುದು ಸರ್ಕಾರದ ಸಮರ್ಥನೆ. ಎಲ್ಲರಿಗೂ ಬೇರೆ ಖಜಾನೆಯಿಂದ ಕೊಟ್ಟಿದ್ದನ್ನು ನಮಗೆ ನಮ್ಮ ಗಂಟಿನಿಂದಲೇ ಕೊಟ್ಟರೆ ನಮ್ಮ ಗಂಟು ಯಾತಕ್ಕೆ?

ಇನ್ನು ಮೇಲ್ಮನೆ. 75 ಸದಸ್ಯರು. 25 ಜನರನ್ನು ಶಾಸಕರು, 25 ಜನರನ್ನು ಪಂಚಾಯಿತಿ ಪುರಸಭೆಗಳ ಸದಸ್ಯರು, 7 ಜನರನ್ನು ಪದವೀಧರರು, 7 ಜನರನ್ನು ಅಧ್ಯಾಪಕರು ಆರಿಸುತ್ತಾರೆ. 11 ಜನ ನಾಮಕರಣ. ಈ 75ರಲ್ಲಿ ಪರಿಶಿಷ್ಟರಿಗೆ ಮೀಸಲು ಎಷ್ಟು? ಒಂದೂ ಇಲ್ಲ! ಸಂವಿಧಾನದ 332ನೇ ವಿಧಿ ವಿಧಾನಸಭೆಗೆ ಮಾತ್ರ ಮೀಸಲಾತಿ ಹೇಳುತ್ತದೆ. ಪಕ್ಷದ ದಯೆಯಿಂದ ನಮ್ಮವರು ಕೆಲವರು ಅಲ್ಲಿಗೆ ಹೋಗಿದ್ದಾರೆ, ಹಕ್ಕಿನಿಂದ ಅಲ್ಲ. ಓಟು ಯಾರಿಗಿದೆ ಅಂತಲೂ ನೋಡಿ. ಪದವಿ ಮುಗಿಸಿ 3 ವರ್ಷ ಆದವನಿಗೆ ಪದವೀಧರ ಕ್ಷೇತ್ರದಲ್ಲಿ ಇನ್ನೊಂದು ಓಟು. ಭತ್ತದ ನಾಟಿ ಮಾಡುವವಳಿಗೆ ಇಲ್ಲ. ಅಧ್ಯಾಪಕರ ಕ್ಷೇತ್ರದಲ್ಲಿ ಪ್ರೌಢಶಾಲೆಯಿಂದ ಮೇಲೆ ಪಾಠ ಹೇಳುವವರಿಗೆ ಓಟು. ನಮ್ಮ ಕೇರಿ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ ಪ್ರಾಥಮಿಕ ಶಾಲೆಯ ಮೇಡಮ್ಮನಿಗೆ ಇಲ್ಲ. ಮೇಲ್ಮನೆ ಅನ್ನುವ ಹೆಸರು ಸರಿಯಾಗಿಯೇ ಇದೆ. ಹಿಂದಿನ ಬೆಂಚಿನಲ್ಲಿ ನಾವು ನಕ್ಕಿದ್ದರಲ್ಲಿ ತಪ್ಪಿರಲಿಲ್ಲ.

ಆ ಮನೆಗೆ ಕವಿ ಸಿದ್ಧಲಿಂಗಯ್ಯ ನಾಮಕರಣಗೊಂಡು ಎರಡು ಅವಧಿ ಇದ್ದರು. ಅಲ್ಲಿ ಆಡಿದ ಮಾತುಗಳು ‘ಸದನದಲ್ಲಿ ಸಿದ್ಧಲಿಂಗಯ್ಯ’ ಅಂತ ಪುಸ್ತಕವಾಗಿವೆ. ಇದೇ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ರಾಜ್ಯಸಭೆಗೆ ನಾಮಕರಣ ಮಾಡುತ್ತೇವೆ ಅಂದಾಗ ಒಲ್ಲೆ ಅಂದರು. ಯಾರು ಸರಿ ಅಂತ ನಮ್ಮಲ್ಲಿ ಬೇಕಾದಷ್ಟು ಜಗಳ ಆಗಿದೆ. ಆ ಜಗಳದಲ್ಲಿ ಒಂದು ಮಾತು ಮರೆತೆವು. ಹೋದವರೂ ಒಲ್ಲೆ ಅಂದವರೂ ಕೇರಿಯ ಓಟಿನ ಮುಂದೆ ಬರಬೇಕಾಗಿರಲಿಲ್ಲ. ಕರೆದವರು ಮೇಲಿನವರು.

ಹಾಗಾದರೆ ಸದನ ನಮಗೆ ಬೇಡವೇ? ಹಾಗೆ ಹೇಳುವುದು ಸುಲಭ, ಆದರೆ ಸುಳ್ಳು. ದೇವರಾಜ ಅರಸರ ಕಾಲದಲ್ಲಿ 1974ರ ಭೂ ಸುಧಾರಣೆ ಈ ಸದನದಿಂದಲೇ ಬಂತು. ಸರ್ಕಾರ ನಮಗೆ ಕೊಟ್ಟ ದರಖಾಸ್ತು ಜಮೀನನ್ನು ಸಾಲಕ್ಕೆ ಸಾರಾಯಿಗೆ ಬರೆಸಿಕೊಂಡವರಿಂದ ವಾಪಸು ಕೊಡಿಸುವ 1978ರ ಪಿಟಿಸಿಎಲ್ ಕಾನೂನೂ ಅಲ್ಲಿಂದಲೇ ಬಂತು. 2017ರಲ್ಲಿ ಸುಪ್ರೀಂ ಕೋರ್ಟು ತಡವಾಗಿ ಬಂದ ಅರ್ಜಿ ನಡೆಯದು ಅಂದ ಮೇಲೆ ಎಷ್ಟೋ ಕುಟುಂಬಗಳ ಕೇಸು ಬಿದ್ದುಹೋದವು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಮ್ಮವರು ತಿಂಗಳುಗಟ್ಟಲೆ ಧರಣಿ ಕೂತರು. 2023ರಲ್ಲಿ ಸದನ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಮಾಡಿತು. ಮೀಸಲು ಶಾಸಕರು ಅದಕ್ಕೆ ಮುಂಚೆಯೂ ಒಳಗೇ ಇದ್ದರು. ಹೊರಗೆ ಜನ ಕೂತ ಮೇಲೆ ಒಳಗಿನ ಕುರ್ಚಿಗೆ ಮಾತು ಬಂತು. ಪಾಠ ಬರೆದವರು ಬಿಟ್ಟಿರುವ ಅಧ್ಯಾಯ ಇದೇ.

ಕೊನೆಗೆ ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ಓಟಿನ ಹಿಂದಿನ ರಾತ್ರಿ ಸೀರೆ, ಬಾಟಲಿಗೆ ಕೈ ಚಾಚಿದವರು ನಮ್ಮಲ್ಲೂ ಇದ್ದಾರೆ. ಎರಡು ತಾಲ್ಲೂಕಿನ ಮೀಸಲು ಸ್ಥಾನದ ಮಾತು ಬಂದಾಗ ಹೊಲೆಯರು ತಮ್ಮದೇ ಅಂದುಕೊಂಡರು, ಮಾದಿಗರನ್ನು ಕೇಳಲಿಲ್ಲ. ನಮ್ಮ ಹೆಣ್ಣುಮಕ್ಕಳನ್ನಂತೂ ಕೇಳಲೇ ಇಲ್ಲ. 2023ರಲ್ಲಿ 224 ಜನರಲ್ಲಿ ಗೆದ್ದ ಹೆಂಗಸರು 10. ಅದೇ ವರ್ಷ ಮಹಿಳಾ ಮೀಸಲಾತಿಯ ತಿದ್ದುಪಡಿ ಆಯಿತು, ಜನಗಣತಿ ಮತ್ತು ಮರುವಿಂಗಡಣೆ ಆದ ಮೇಲೆ ಜಾರಿ ಅಂತ ಮುಂದಕ್ಕೆ ತಳ್ಳಿದರು. ಮೊದಲು 10 ವರ್ಷಕ್ಕೆ ಅಂತ ಕೊಟ್ಟ ಪರಿಶಿಷ್ಟರ ರಾಜಕೀಯ ಮೀಸಲಾತಿಯನ್ನು ಮತ್ತೆ ಮತ್ತೆ ಮುಂದುವರಿಸಿ 2030ರ ಜನವರಿಗೆ ತಂದಿದ್ದಾರೆ. ಆಗ ಮತ್ತೆ ಮುಂದುವರಿಸಿ ಅಂತ ಕೈ ಮುಗಿದು ನಿಂತರೆ ಸಾಲದು. ಮೇಲ್ಮನೆಯಲ್ಲೂ ಪಾಲು ಕೊಡಿ, ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತನ್ನು ನಮಗೆ ವಾಪಸು ಕೊಡಿ ಅಂತ ಕೇಳಬೇಕು.

ಅಲ್ಲಿಯವರೆಗೆ ಒಂದು ಕೆಲಸ ನಮ್ಮ ಕೈಯಲ್ಲೇ ಇದೆ. ಸದನದಲ್ಲಿ ನಡೆದ ಪ್ರಶ್ನೋತ್ತರ ಅಚ್ಚಾಗುತ್ತದೆ, ಯಾರು ಏನು ಮಾತಾಡಿದರು ಅನ್ನುವುದು ದಾಖಲಾಗುತ್ತದೆ. ಓದಿದ ಹುಡುಗರು ಅದನ್ನು ತಂದು ಕೇರಿಯ ಅಂಬೇಡ್ಕರ್ ಭವನದಲ್ಲಿ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಬೇಕು. ನಮ್ಮ ಶಾಸಕ 5 ವರ್ಷದಲ್ಲಿ ಸ್ಮಶಾನದ ಜಾಗ ಕೇಳಿದನೇ? ಹಾಸ್ಟೆಲಿನ ಅನ್ನದ ಮಾತೆತ್ತಿದನೇ? ದರಖಾಸ್ತು ಜಮೀನಿನ ಪ್ರಶ್ನೆ ಹಾಕಿದನೇ? ಆ ಕಾಗದದಲ್ಲಿ ನಮ್ಮ ಕೇರಿಯ ಹೆಸರೇ ಇಲ್ಲದಿದ್ದರೆ, ಮುಂದಿನ ಸಲ ಅವನು ಬೀದಿಗೆ ಬಂದಾಗ ಅದೇ ಕಾಗದವನ್ನು ಅವನ ಕೈಗೆ ಕೊಟ್ಟು, ಓದಿ ಸ್ವಾಮಿ ಅನ್ನೋಣ.