ಬಳಸಿದ ಆಲ್ಟೊ ಮತ್ತು ಕರಾವಳಿಯ ಉಪ್ಪುಗಾಳಿ

ಹಳೆಯ ಕಾರು ಕೊಳ್ಳಲು ಹೊರಟವರು ಮಾಲೀಕರನ್ನು ಕೇಳುವ ಮೊದಲ ಪ್ರಶ್ನೆ 'ಎಷ್ಟು ಓಡಿದೆ?' ಎಂಬುದು. ಓಡೋಮೀಟರಿನ ಅಂಕಿ ಕಡಿಮೆಯಿದ್ದಷ್ಟೂ ಬೆಲೆ ಹೆಚ್ಚು. ಚಿತ್ರದುರ್ಗದಲ್ಲೋ ತುಮಕೂರಿನಲ್ಲೋ ಈ ಅಳತೆ ಬಹುಮಟ್ಟಿಗೆ ಸರಿ. ಆದರೆ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಇದೇ ಅಳತೆಗೋಲನ್ನು ಹಿಡಿದು ಹೊರಟರೆ ನೀವು ನಷ್ಟಪಡುವ ಸಂಭವ ಹೆಚ್ಚು. ಮಾರುವವರು ಪ್ರಾಮಾಣಿಕರಾಗಿದ್ದರೂ, ಅಂಕಿ ನಿಜವಾಗಿದ್ದರೂ ಅಷ್ಟೇ. ಇಲ್ಲಿ ಕಾರನ್ನು ರಸ್ತೆ ಸವೆಸುವುದಕ್ಕಿಂತ ಗಾಳಿ ಸವೆಸುವುದೇ ಹೆಚ್ಚು.

ವಿಮರ್ಶೆಗೆ ಮಾರುತಿ ಆಲ್ಟೊವನ್ನು ಆರಿಸಿಕೊಳ್ಳೋಣ. 2000ದಲ್ಲಿ ಮಾರುಕಟ್ಟೆಗೆ ಬಂದ ಈ ಕಾರು ಒಂದು ದಶಕಕ್ಕೂ ಹೆಚ್ಚು ಕಾಲ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರುಗಳ ಸಾಲಿನಲ್ಲಿತ್ತು. 2010ರಲ್ಲಿ 998 ಸಿಸಿ ಎಂಜಿನ್ನಿನ ಕೆ-10, 2012ರಲ್ಲಿ ಹೊಸ ರೂಪದ ಆಲ್ಟೊ 800 ಬಂದವು. 800ರ ತಯಾರಿಕೆ 2023ರಲ್ಲಿ ನಿಂತಿತು. ಹೀಗಾಗಿ ಕಡಿಮೆ ಬೆಲೆಗೆ ಮೊದಲ ಕಾರು ಹುಡುಕುವ ಶಿಕ್ಷಕರ ಅಥವಾ ಸಣ್ಣ ವ್ಯಾಪಾರಿಗಳ ಮನೆ ಬಾಗಿಲಿಗೆ ಬ್ರೋಕರು ತಂದು ನಿಲ್ಲಿಸುವ ಕಾರು ಇದೇ ಆಗಿರುವ ಸಾಧ್ಯತೆ ಹೆಚ್ಚು. ಇಲ್ಲಿ ಹೇಳುವ ಬಹುಪಾಲು ಮಾತುಗಳು ಇದೇ ವರ್ಗದ ಬೇರೆ ಕಾರುಗಳಿಗೂ ಸಲ್ಲುತ್ತವೆ.

ಮೊದಲು ಗುಣಗಳನ್ನು ನೋಡೋಣ. ಆಲ್ಟೊ 800ರ ತೂಕ ಸುಮಾರು 700 ಕಿಲೋಗ್ರಾಂ, ಅಗಲ ಒಂದೂವರೆ ಮೀಟರಿನ ಆಸುಪಾಸು, ತಿರುಗಲು ಬೇಕಾದ ತ್ರಿಜ್ಯ 4.6 ಮೀಟರ್. ಅಡಿಕೆ ತೋಟಗಳ ನಡುವಿನ ಕಿರುದಾರಿಗಳನ್ನು, ಮಣ್ಣುದಾರಿಯ ತಿರುವುಗಳನ್ನು ಕಂಡವರಿಗೆ ಈ ಅಂಕಿಗಳ ಬೆಲೆ ಗೊತ್ತು. ಬಿಡಿಭಾಗಗಳು ಮೂರೂ ಪೇಟೆಗಳಲ್ಲಿ ಸಿಗುತ್ತವೆ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಎಷ್ಟು ಸರಳವೆಂದರೆ ಇದನ್ನು ಬಿಚ್ಚಿ ಜೋಡಿಸಲು ತಿಳಿಯದ ಮೆಕ್ಯಾನಿಕ್ ಸಿಗುವುದೇ ಕಷ್ಟ. ಒಂದು ಎಚ್ಚರ ಮಾತ್ರ ಬೇಕು: ಈ ಎಂಜಿನ್ನಿನಲ್ಲಿರುವುದು ಟೈಮಿಂಗ್ ಬೆಲ್ಟ್. ಅದು ರಬ್ಬರಿನದು; ಓಡಿದರೂ ಹಳತಾಗುತ್ತದೆ, ನಿಂತರೂ ಹಳತಾಗುತ್ತದೆ. ಬದಲಿಸಿದ ದಾಖಲೆ ಇಲ್ಲವಾದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಕೆ-10ರಲ್ಲಿ ಬೆಲ್ಟಿನ ಬದಲು ಚೈನ್ ಇದೆ.

'ಇಷ್ಟು ಚಿಕ್ಕ ಎಂಜಿನ್ ಘಟ್ಟ ಹತ್ತೀತೇ?' ಎಂದು ಕುಮಟಾದಿಂದ ದೇವಿಮನೆ ಘಟ್ಟವಾಗಿ ಶಿರಸಿಗೆ, ಹೊನ್ನಾವರದಿಂದ ಗೇರುಸೊಪ್ಪ ದಾಟಿ ಸಾಗರಕ್ಕೆ ಓಡಾಡುವವರು ಕೇಳುವುದುಂಟು. ಇದನ್ನು ಊಹೆಗೆ ಬಿಡದೆ ಲೆಕ್ಕ ಹಾಕೋಣ. ನಾಲ್ವರು ಮತ್ತು ಸ್ವಲ್ಪ ಸಾಮಾನು ಸೇರಿ ಒಟ್ಟು ದ್ರವ್ಯರಾಶಿ 1000 ಕಿಲೋಗ್ರಾಂ ಎನ್ನಿ. ಹದಿನೈದು ಮೀಟರು ಸಾಗಿದರೆ ಒಂದು ಮೀಟರು ಏರುವ ಇಳಿಜಾರಿನಲ್ಲಿ ತೂಕದ ಹಿಮ್ಮುಖ ಘಟಕ 9800/15, ಅಂದರೆ ಸುಮಾರು 650 ನ್ಯೂಟನ್. ಚಕ್ರಗಳ ಉರುಳು ಘರ್ಷಣೆ ಇನ್ನೊಂದು 150 ನ್ಯೂಟನ್. ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗಕ್ಕೆ 8 ಕಿಲೋವಾಟ್ ಸಾಮರ್ಥ್ಯ ಬೇಕು. ಎ.ಸಿ. ಮತ್ತು ಗಿಯರಿನಲ್ಲಿ ಆಗುವ ನಷ್ಟ ಸೇರಿಸಿ 12 ಎನ್ನೋಣ. ಎಂಜಿನ್ನಿನ ಗರಿಷ್ಠ ಸಾಮರ್ಥ್ಯ ಸುಮಾರು 35 ಕಿಲೋವಾಟ್. ಹಾಗಾದರೆ ಧಾರಾಳವಾಯಿತಲ್ಲ? ಅಲ್ಲ. ಆ 35 ಸಿಗುವುದು ನಿಮಿಷಕ್ಕೆ 6000 ಸುತ್ತಿನಲ್ಲಿ. 1500 ಸುತ್ತಿನಲ್ಲಿ ಈ ಎಂಜಿನ್ನಿನಿಂದ ಎಂಟೊಂಬತ್ತು ಕಿಲೋವಾಟ್ ಹೊರಡುವುದೂ ಕಷ್ಟ. 3500 ಸುತ್ತಿನಲ್ಲಿ 25 ಕಿಲೋವಾಟ್ ಸಿಗುತ್ತದೆ. ಎಂದರೆ ಘಟ್ಟ ಹತ್ತುವುದು ಎಂಜಿನ್ನಿನ ಗಾತ್ರಕ್ಕಿಂತ ಗಿಯರಿನ ಆಯ್ಕೆಯ ಪ್ರಶ್ನೆ. ಎತ್ತರದ ಗಿಯರಿನಲ್ಲೇ ಎಳೆದು, ಎಳೆಯಲಾರದಾಗ ಅರ್ಧ ಕ್ಲಚ್ಚಿನಲ್ಲಿ ಜಾರಿಸಿ ಓಡಿಸಿದ ಕಾರಿನ ಕ್ಲಚ್ಚು ಬೇಗ ಸವೆದಿರುತ್ತದೆ. ಪರೀಕ್ಷಾರ್ಥ ಓಡಿಸುವಾಗ ಸಮತಟ್ಟಾದ ಹೆದ್ದಾರಿಯಲ್ಲಿ ನಾಲ್ಕು ಕಿಲೋಮೀಟರ್ ಹೋಗಿ ಬಂದರೆ ಇದು ತಿಳಿಯದು. ಏರಿನಲ್ಲಿ ಹತ್ತಿಸಿ ನೋಡಬೇಕು.

ಇಳಿಯುವುದು ಇನ್ನೂ ಗಂಭೀರ. ಅದೇ ಕಾರು 500 ಮೀಟರ್ ಎತ್ತರ ಇಳಿದರೆ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 49 ಲಕ್ಷ ಜೂಲ್. ಹದಿನಾರು ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು. ಇದನ್ನೆಲ್ಲ ಮುಂದಿನ ಎರಡು ಡಿಸ್ಕ್, ಹಿಂದಿನ ಎರಡು ಡ್ರಮ್ಮುಗಳ ಮೇಲೆ ಹೊರಿಸುವ ಬದಲು ಎರಡನೇ ಗಿಯರಿನಲ್ಲಿ ಇಳಿದರೆ ಎಂಜಿನ್ನೇ ದೊಡ್ಡ ಪಾಲನ್ನು ಹೀರಿಕೊಳ್ಳುತ್ತದೆ. ಬ್ರೇಕ್ ದ್ರವವನ್ನು ಬದಲಿಸಿ ಎಷ್ಟು ಕಾಲವಾಯಿತು ಎಂದೂ ಕೇಳಿ. ಅದು ಗಾಳಿಯ ತೇವವನ್ನು ಹೀರುವ ಗುಣದ್ದು. ನೀರು ಸೇರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಘಟ್ಟದ ನಡುವೆ ಬ್ರೇಕ್ ಪೆಡಲು ಮೆತ್ತಗಾಗುವುದರ ಒಂದು ಕಾರಣ ಇದು.

ಎಂಜಿನ್, ಕ್ಲಚ್, ಬ್ರೇಕ್ ಇವೆಲ್ಲ ಬದಲಿಸಬಹುದಾದ ಭಾಗಗಳು. ಬದಲಿಸಲಾಗದ್ದು ಕಾರಿನ ದೇಹ. ಉಪ್ಪುಗಾಳಿಯ ಕೆಲಸ ನಡೆಯುವುದು ಅಲ್ಲಿಯೇ.

ಅಲೆಗಳು ಒಡೆದಾಗ ಏಳುವ ಸೂಕ್ಷ್ಮ ಹನಿಗಳನ್ನು ಗಾಳಿ ಒಳನಾಡಿಗೆ ಹೊತ್ತು ತರುತ್ತದೆ. ದಡದಿಂದ ದೂರ ಸರಿದಂತೆ ಇವುಗಳ ಪ್ರಮಾಣ ಬೇಗ ಇಳಿಯುತ್ತದೆ. ಆದರೆ ಮುರ್ಡೇಶ್ವರ, ಕಾಸರಕೋಡ, ಧಾರೇಶ್ವರಗಳಂಥ ಊರುಗಳಲ್ಲಿ ಮನೆ, ಶಾಲೆ, ಹೆದ್ದಾರಿ ಎಲ್ಲವೂ ಸಮುದ್ರದ ಮಗ್ಗುಲಲ್ಲೇ ಇವೆ. ಕಾರಿನ ಮೇಲೆ ಕುಳಿತ ಉಪ್ಪು ಒಣಗಿದಾಗ ನಿರುಪದ್ರವಿ ಎನಿಸೀತು. ಆದರೆ ಸೋಡಿಯಂ ಕ್ಲೋರೈಡ್ ಶೇ. 75ರಷ್ಟು ಸಾಪೇಕ್ಷ ಆರ್ದ್ರತೆಯಲ್ಲಿ ಗಾಳಿಯ ತೇವವನ್ನು ಹೀರಿ ತಾನೇ ದ್ರಾವಣವಾಗುತ್ತದೆ. ಸಮುದ್ರದ ಉಪ್ಪಿನಲ್ಲೇ ಇರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33 ಸಾಕು. ಹಾಗಾಗಿ ಮಳೆಗಾಲದಲ್ಲಷ್ಟೇ ಅಲ್ಲ, ಬೇಸಗೆಯ ರಾತ್ರಿಗಳಲ್ಲೂ ಲೋಹದ ಮೇಲೆ ಕಣ್ಣಿಗೆ ಕಾಣದ ಒಂದು ತೆಳು ವಿದ್ಯುದ್ವಾಹಕ ಪದರ ಉಳಿದಿರುತ್ತದೆ. ತುಕ್ಕು ಹಿಡಿಯುವುದು ಒಂದು ವಿದ್ಯುದ್ರಾಸಾಯನಿಕ ಕ್ರಿಯೆ ಎಂದು ನೀವು ಪಾಠ ಮಾಡಿರುತ್ತೀರಿ ಅಥವಾ ಓದಿರುತ್ತೀರಿ. ಆ ವಿದ್ಯುತ್ಕೋಶಕ್ಕೆ ಬೇಕಾದ ದ್ರಾವಣ ಇದೇ.

ಈ ಕ್ರಿಯೆಯ ಒಂದು ಲಕ್ಷಣವನ್ನು ಮರೆಯಬಾರದು. ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ಒಂದು ದೊಡ್ಡ ಹನಿ ಇಟ್ಟು, ಅದಕ್ಕೆ ಫಿನಾಲ್ಫ್ತಲೀನ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಸೇರಿಸಿ ನೋಡಿ. ಗಾಳಿ ಧಾರಾಳವಾಗಿ ಸಿಗುವ ಹನಿಯ ಅಂಚು ಕೆಂಪಾಗುತ್ತದೆ; ಅದು ಕ್ಯಾಥೋಡ್. ಆಮ್ಲಜನಕ ಕಡಿಮೆ ಇರುವ ನಡುಭಾಗ ನೀಲಿಯಾಗುತ್ತದೆ, ಅದು ಆನೋಡ್. ಕಬ್ಬಿಣ ಕರಗುವುದು ಈ ನಡುಭಾಗದಲ್ಲಿ. ಕಾರಿನಲ್ಲೂ ಹೀಗೆಯೇ. ಎರಡು ತಗಡುಗಳನ್ನು ಬೆಸೆದ ಸಂದು, ಬಾಗಿಲಿನ ಕೆಳಗಿನ ಮಡಿಕೆ, ಚಕ್ರದ ಮೇಲಿನ ಕಮಾನಿನಲ್ಲಿ ಮೆತ್ತಿಕೊಂಡ ಚಿರೇಕಲ್ಲಿನ ಕೆಂಪು ಮಣ್ಣಿನ ಅಡಿಭಾಗ, ಹೀಗೆ ಗಾಳಿ ತಲುಪದ ಕಡೆಗಳಲ್ಲೇ ಲೋಹ ಹೆಚ್ಚು ಸವೆಯುತ್ತದೆ. ಕಾಣುವ ಭಾಗ ಹೊಳೆಯುತ್ತಿರುವಾಗಲೇ ಕಾಣದ ಭಾಗ ತಿಂದುಹೋಗಿರುತ್ತದೆ.

ಎಷ್ಟು ಬೇಗ? ವಾತಾವರಣದ ಸಂಕ್ಷಾರಕತೆಯನ್ನು ವರ್ಗೀಕರಿಸುವ ಐಎಸ್‌ಒ 9223 ಮಾನಕದಲ್ಲಿ ತೀವ್ರ ಪರಿಸರದ ವರ್ಗ ಸಿ-5. ಅಲ್ಲಿ ಬಣ್ಣವಿಲ್ಲದ ಸಾಧಾರಣ ಉಕ್ಕು ಮೊದಲ ವರ್ಷದಲ್ಲಿ 80ರಿಂದ 200 ಮೈಕ್ರೋಮೀಟರ್‌ನಷ್ಟು ಸವೆಯುತ್ತದೆ. ಮಧ್ಯಮ ವರ್ಗವಾದ ಸಿ-3ರಲ್ಲಿ ಇದು 25ರಿಂದ 50. ಚಿಕ್ಕ ಕಾರಿನ ತಗಡು ಸಾಮಾನ್ಯವಾಗಿ ಮುಕ್ಕಾಲು ಮಿಲಿಮೀಟರಿನ ಆಸುಪಾಸಿನದು. ಬಣ್ಣ ಕಿತ್ತುಹೋದ ಕಡೆ ವರ್ಷಕ್ಕೆ 80ರಂತೆ ಸವೆದರೂ ಒಂಬತ್ತು-ಹತ್ತು ವರ್ಷದಲ್ಲಿ ಬೆರಳು ತೂರುವಷ್ಟು ತೂತು. ಎರಡೂ ಮಗ್ಗುಲಿಂದ ಸವೆದರೆ ಅದರ ಅರ್ಧ ಕಾಲ. ತಗಡು ಹಗುರಾಗಿರುವುದೇ ಈ ಕಾರಿಗೆ ಇಂಧನ ಉಳಿತಾಯ ತಂದುಕೊಟ್ಟ ಗುಣ. ಇಲ್ಲಿ ಅದೇ ದೋಷ.

ಈಗ ಕಿಲೋಮೀಟರಿನ ಮಾತಿಗೆ ಬರೋಣ. ಭಟ್ಕಳ, ಹೊನ್ನಾವರ ಸೀಮೆಯಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ ಮನೆಗಳು ಬಹಳ. ರಜೆಗೆ ಬಂದಾಗ ಬೇಕೆಂದು ಕೊಂಡ ಕಾರು ವರ್ಷದ ಹೆಚ್ಚು ತಿಂಗಳು ಶೆಡ್ಡಿನಲ್ಲಿ ನಿಂತಿರುತ್ತದೆ. ಮುಂಬಯಿ, ಬೆಂಗಳೂರುಗಳಲ್ಲಿ ಮಕ್ಕಳಿರುವ ಹಿರಿಯರ ಮನೆಗಳಲ್ಲೂ ಹೀಗೆಯೇ. ಹತ್ತು ವರ್ಷದಲ್ಲಿ 25 ಸಾವಿರ ಕಿಲೋಮೀಟರ್ ಓಡಿದ ಇಂಥ ಕಾರನ್ನು 'ಹೊಸದರಂತಿದೆ' ಎಂದು ಕೊಳ್ಳುವವರು ಒಮ್ಮೆ ಯೋಚಿಸಬೇಕು. ನಿಂತ ಕಾರಿನ ಮೇಲೆ ಕುಳಿತ ಉಪ್ಪನ್ನು ತೊಳೆಯುವವರಿಲ್ಲ. ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿಟ್ಟಿದ್ದರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಟೈರಿನ ರಬ್ಬರು ಬಿರಿಯುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯನ್ನು ಓದಲು ಕಲಿಯಿರಿ. 2218 ಎಂದರೆ 2018ರ 22ನೇ ವಾರದಲ್ಲಿ ತಯಾರಾದದ್ದು. ಇಲಿಗಳು ವೈರು ಕಡಿಯುವುದನ್ನು ನಾನು ಹೇಳಬೇಕಾಗಿಲ್ಲ.

ದಿನಕ್ಕೆ ಒಂದೆರಡು ಕಿಲೋಮೀಟರ್ ಮಾತ್ರ, ಪೇಟೆಗೆ ಹೋಗಿ ಬರಲಷ್ಟೇ ಓಡಿದ ಕಾರೂ ಬೇರೆಯಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹತ್ತಿರ ಹತ್ತಿರ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ದೂರ ಓಡಿದರೆ ಸೈಲೆನ್ಸರು ಕಾದು ಈ ಆವಿ ಹೊರಹೋಗುತ್ತದೆ. ಎಂಜಿನ್ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಅದು ಒಳಗೇ ತಣಿದು ನೀರಾಗಿ ನಿಲ್ಲುತ್ತದೆ. ಸೈಲೆನ್ಸರು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಇದಕ್ಕೆ ಎಥೆನಾಲಿನ ಸಂಗತಿಯನ್ನೂ ಸೇರಿಸಿಕೊಳ್ಳಿ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಮಟ್ಟ ತಲುಪಿದೆ. ಎಥೆನಾಲ್ ನೀರನ್ನು ಹೀರುತ್ತದೆ. ಇದಕ್ಕೆಂದು ರೂಪಿಸದ ಹಳೆಯ ಕಾರಿನ ರಬ್ಬರು ಕೊಳವೆ, ಸೀಲುಗಳು ಅದರಲ್ಲಿ ಬೇಗ ಹಾಳಾಗಬಹುದು. ಲೀಟರಿಗೆ ಸಿಗುವ ಶಕ್ತಿಯೂ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ. 7 ಕಡಿಮೆ. 2012ರ ಆಲ್ಟೊ 800ಕ್ಕೆ ಪ್ರಯೋಗಾಲಯ ಕೊಟ್ಟ 22.74 ಕಿಲೋಮೀಟರಿನ ಮೈಲೇಜನ್ನು ಇಂದು ರಸ್ತೆಯಲ್ಲಿ ನಿರೀಕ್ಷಿಸುವುದು ವ್ಯರ್ಥ.

ಹಾಗಾದರೆ ಏನು ನೋಡಬೇಕು? ಬಣ್ಣವನ್ನಲ್ಲ, ಅಡಿಯನ್ನು. ವಾಟರ್ ಸರ್ವಿಸ್ ಮಾಡುವಲ್ಲಿ ಕಾರನ್ನು ಮೇಲೆತ್ತಿಸಿ ಕೆಳಗಿನಿಂದ ನೋಡಿ. ಕಾಲಡಿಯ ಮ್ಯಾಟನ್ನೂ ಸ್ಟೆಪ್ನಿಯನ್ನೂ ಎತ್ತಿ ತಗಡನ್ನು ಹೆಬ್ಬೆರಳಿನಿಂದ ಒತ್ತಿ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲುಗಳ ಕೆಳಭಾಗದಲ್ಲಿ ಸರಿಸಿದರೆ ಪುಟ್ಟಿ ತುಂಬಿದ ಕಡೆ ಹಿಡಿತ ಸಡಿಲವಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಬಣ್ಣದ ಮೇಲೆ ಏಳುವ ಸಣ್ಣ ಗುಳ್ಳೆ ಎಂದರೆ ಅಡಿಯಲ್ಲಿ ದೊಡ್ಡ ಗಾಯ ಎಂದೇ ಅರ್ಥ. ಮಾರುವ ಮುನ್ನಾದಿನ ಬಳಿದಂತಿರುವ ಕಪ್ಪು ಅಂಡರ್‌ಕೋಟಿಂಗ್ ಕಂಡರೆ ಸಂತೋಷಪಡಬೇಡಿ. 2022ರ ಆಗಸ್ಟ್ 2ರ ಅತಿವೃಷ್ಟಿಯಲ್ಲಿ ಭಟ್ಕಳದ ರಸ್ತೆ, ಮನೆಗಳಿಗೆ ನೀರು ನುಗ್ಗಿದ್ದು, 2019ರ ಆಗಸ್ಟ್‌ನ ನೆರೆ ಇವೆಲ್ಲ ನೆನಪಿರಲಿ. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಕೆಸರಿನ ಗೆರೆ ಹಳೆಯ ಕಥೆ ಹೇಳುವುದುಂಟು. ನಂಬರ್‌ಪ್ಲೇಟೂ ಸ್ವಲ್ಪ ಹೇಳುತ್ತದೆ. ಕೆಎ-47 ಹೊನ್ನಾವರದ್ದು, ಕೆಎ-30 ಕಾರವಾರದ್ದು, ಕೆಎ-31 ಘಟ್ಟದ ಮೇಲಿನ ಶಿರಸಿಯದು. ಆದರೆ ಅದು ಕಾರು ನೋಂದಣಿಯಾದ ಊರು. ನಿಂತ ಊರನ್ನು ಕೇಳಿಯೇ ತಿಳಿಯಬೇಕು. ನನ್ನನ್ನು ಕೇಳಿದರೆ, ಸಿದ್ದಾಪುರದಲ್ಲಿ ದಿನವೂ ಓಡಿ 85 ಸಾವಿರ ತೋರಿಸುವ ಕಾರನ್ನು ದಡದ ಶೆಡ್ಡಿನಲ್ಲಿ ನಿಂತ 25 ಸಾವಿರದ ಕಾರಿಗಿಂತ ಮುಂದೆ ಇಡುತ್ತೇನೆ. ಗೋವಾ ನೋಂದಣಿಯ ಅಗ್ಗದ ಕಾರಿಗೆ ಮಾತ್ರ ಮರುಳಾಗಬೇಡಿ. ಅಲ್ಲಿಯದೂ ಇದೇ ಗಾಳಿ, ಜೊತೆಗೆ ಇಲ್ಲಿ ನೋಂದಾಯಿಸುವಾಗ ತೆರಿಗೆ ಬೇರೆ.

ತುಕ್ಕಿನ ಮಾತು ಬರಿಯ ಹಣದ ಮಾತಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಚಿಕ್ಕ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಏರ್‌ಬ್ಯಾಗಿಲ್ಲದ ಆಲ್ಟೊ 800 ಸೇರಿ ಐದಕ್ಕೂ ವಯಸ್ಕರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ. ಆಲ್ಟೊ, ನ್ಯಾನೊ, ಐ10 ಕಾರುಗಳ ಚೌಕಟ್ಟೇ ಕುಸಿದದ್ದರಿಂದ ಏರ್‌ಬ್ಯಾಗ್ ಇದ್ದರೂ ಹೆಚ್ಚು ಉಪಯೋಗವಾಗದು ಎಂಬುದು ಆಗ ಬಂದ ತೀರ್ಮಾನ. ಅಂದು ಪರೀಕ್ಷೆಗೆ ಒಳಗಾದದ್ದು ಹೊಸ ಕಾರು. ಬಾಗಿಲಡಿಯ ಪೆಟ್ಟಿಗೆಯಾಕಾರದ ತೊಲೆ ತುಕ್ಕಿನಿಂದ ತೆಳುವಾದ, ಬೆಸುಗೆಗಳು ಸಡಿಲವಾದ ಹತ್ತು ವರ್ಷದ ಕಾರು ಅದಕ್ಕಿಂತ ಬಲವಾಗಿರಲು ಸಾಧ್ಯವಿಲ್ಲ. ರಾಷ್ಟ್ರೀಯ ಹೆದ್ದಾರಿ 66 ಅಗಲವಾದಂತೆ ವಾಹನಗಳ ವೇಗವೂ ಏರಿದೆ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 40ರಿಂದ 80ಕ್ಕೆ ಏರಿದರೆ ನಾಲ್ಕು ಪಟ್ಟು. 2019ರಲ್ಲಿ ನಿಯಮಗಳು ಬಿಗಿಯಾದ ಮೇಲೆ ತಯಾರಾದ ಆಲ್ಟೊಗಳಲ್ಲಿ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಇವೆ. ಸ್ವಲ್ಪ ಹೆಚ್ಚು ತೆತ್ತಾದರೂ ಇವನ್ನೇ ಹುಡುಕುವುದು ಲೇಸು. ಕುಮಟಾದಿಂದ ಭಟ್ಕಳಕ್ಕೆ ಹೆದ್ದಾರಿಯಲ್ಲೇ ದಿನವೂ ಹೋಗಿಬರುವವರಾದರೆ ಅದಕ್ಕಿಂತ ಹಿಂದಿನ ಆಲ್ಟೊ ಬೇಡವೆಂದೇ ಹೇಳುತ್ತೇನೆ. ಊರೊಳಗಿನ ಶಾಲೆಗೆ, ಸೊಸೈಟಿಗೆ, ತೋಟಕ್ಕೆ ಓಡಾಡಲು ಬೇಕಾದವರಿಗೆ, ಅಡಿ ಗಟ್ಟಿಯಿದ್ದರೆ, ಇದಕ್ಕಿಂತ ಉಪಯುಕ್ತವಾದದ್ದು ಈ ಬೆಲೆಗೆ ಸಿಗುವುದು ವಿರಳ. ನೋಂದಣಿಯಾಗಿ 15 ವರ್ಷವಾಗಿದ್ದರೆ ಆರ್‌.ಸಿ. ನವೀಕರಣವಾಗಿದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಉಪ್ಪುಗಾಳಿಯ ಪ್ರಭಾವ ಯಾವ ಊರಿನಲ್ಲಿ ಎಷ್ಟು ಎಂಬುದನ್ನು ಶಾಲೆಗಳೇ ಅಳೆಯಬಹುದು. ಹತ್ತು ಸೆಂಟಿಮೀಟರ್ ಉದ್ದ, ಐದು ಸೆಂಟಿಮೀಟರ್ ಅಗಲದ ಸಾಧಾರಣ ಉಕ್ಕಿನ ಪಟ್ಟಿಗಳನ್ನು ಉಜ್ಜಿ, ತೂಗಿ, ಮುರ್ಡೇಶ್ವರ, ಹೊನ್ನಾವರ ಪೇಟೆ, ಗೇರುಸೊಪ್ಪ, ಸಿದ್ದಾಪುರದ ಶಾಲೆಗಳಲ್ಲಿ ಒಂದೇ ಎತ್ತರದಲ್ಲಿ, ಮಳೆ ಬೀಳದಂತೆ ಸೂರಿನಡಿ ತೂಗುಹಾಕಿ. ಮೂರು ತಿಂಗಳ ನಂತರ ತುಕ್ಕು ಕಳೆದು ಮತ್ತೆ ತೂಗಿ. ವರ್ಷಕ್ಕೆ 80 ಮೈಕ್ರೋಮೀಟರಿನ ದರದಲ್ಲಿ ಸವೆದಿದ್ದರೆ ಎರಡೂ ಮೈ ಸೇರಿ ಕಳೆದ ತೂಕ ಸುಮಾರು ಒಂದೂವರೆ ಗ್ರಾಂ. ಪ್ರೌಢಶಾಲೆಯ ತಕ್ಕಡಿಗೆ ಸಿಗುವಷ್ಟು. ಇದನ್ನು ಮೇ ತಿಂಗಳಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಆರಂಭಿಸಿದರೆ ಮಳೆಗಾಲ ಮತ್ತು ಚಳಿಗಾಲಗಳ ವ್ಯತ್ಯಾಸವೂ ಗೊತ್ತಾಗುತ್ತದೆ.