ಒಂದು ಬಕೆಟ್ ನೀರು, ಹತ್ತು ಅರಿವೆ

ನೀರು ಸುರಿದು ಜಾಲಾಡಿಸದೆ, ಒಂದೇ ಬಕೆಟ್‌ನಲ್ಲಿ ಕಾರು ತೊಳೆದು ಒರೆಸಿ ಮುಗಿಸುವ ಪದ್ಧತಿಗೆ ಹೆಚ್ಚು ಹೆಸರು ಬಂದದ್ದು ಥಂಡಿ ದೇಶಗಳಲ್ಲಿ. ಅಲ್ಲಿ ಚಳಿಗಾಲ ಬಂತೆಂದರೆ ಅಂಗಳದ ಪೈಪು ಹೆಪ್ಪುಗಟ್ಟುತ್ತದೆ. ಕಾರಿನ ಮೇಲೆ ಸುರಿದ ನೀರು ಬಾಗಿಲ ಸಂದಿಯಲ್ಲಿ ಗಡ್ಡೆ ಕಟ್ಟಿ, ಮರುದಿನ ಬಾಗಿಲು ತೆರೆಯುವುದೇ ಕಷ್ಟವಾಗುತ್ತದೆ. ರಸ್ತೆಯ ಹಿಮ ಕರಗಲೆಂದು ಚೆಲ್ಲುವ ಉಪ್ಪು ತಗಡನ್ನು ತಿನ್ನುವುದರಿಂದ ತೊಳೆಯದೆ ಬಿಡುವಂತೆಯೂ ಇಲ್ಲ. ಹಾಗಾಗಿ ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಒಂದು ಬಕೆಟ್ ನೀರಿನಲ್ಲೇ ಕೆಲಸ ಮುಗಿಸುವ ದಾರಿಯನ್ನು ಅವರು ರೂಢಿಸಿಕೊಂಡರು.

ಹುಬ್ಬಳ್ಳಿ-ಧಾರವಾಡದಲ್ಲಿ ಡಿಸೆಂಬರ್, ಜನವರಿಯ ನಸುಕಿಗೆ 13-14 ಡಿಗ್ರಿ ಆಸುಪಾಸಿನ ಥಂಡಿ ಇರುತ್ತದೆ. ನೀರು ಹೆಪ್ಪುಗಟ್ಟುವ ಮಾತಿಲ್ಲ, ರಸ್ತೆಗೆ ಉಪ್ಪು ಹಾಕುವವರೂ ಇಲ್ಲ. ಆದರೂ ಈ ಪದ್ಧತಿ ತಾನು ಬೆಳೆದ ದೇಶಗಳಿಗಿಂತ ನಮ್ಮ ಅವಳಿ ನಗರದ ಚಳಿಗಾಲಕ್ಕೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಇದನ್ನೇ ಹೋಲುವ ಇನ್ನೊಂದು ಕೆಲಸ ನಮ್ಮ ಓಣಿಗಳಲ್ಲಿ ದಿನಾ ಬೆಳಿಗ್ಗೆ ನಡೆಯುತ್ತಿದೆ. ಅದು ಇದಕ್ಕೆ ಪೂರ್ತಿ ವಿರುದ್ಧವಾದದ್ದು ಎಂಬುದನ್ನೂ ಹೇಳಲೇಬೇಕು.

ಮೊದಲು ನೀರಿನ ಮಾತು. ಈ ಊರಿಗೆ ಕುಡಿಯುವ ನೀರು ಬರುವುದು ಸವದತ್ತಿ ಬಳಿಯ ನವಿಲುತೀರ್ಥದ ಮಲಪ್ರಭಾ ಜಲಾಶಯದಿಂದ. ಅದನ್ನು ಪಂಪ್ ಮಾಡಿ ಎತ್ತಿ ತಂದು, ಅಮ್ಮಿನಬಾವಿಯಲ್ಲಿ ಶುದ್ಧ ಮಾಡಿ, ಅಲ್ಲಿಂದ ಊರಿಗೆ ಹರಿಸುತ್ತಾರೆ. ಹುಬ್ಬಳ್ಳಿಗೆ ನೀರು ಕೊಡುತ್ತ ಬಂದ ನೀರಸಾಗರ ಕೆರೆ ಮಳೆ ಕೈಕೊಟ್ಟ ವರ್ಷ ತಳ ಕಾಣುತ್ತದೆ. 2008ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬಂತು. ಅದು ದೇಶಕ್ಕೇ ಮಾದರಿ ಎಂದು ಹೊಗಳಿಸಿಕೊಂಡಿತು. ಊರಿಗೆಲ್ಲ ಅದನ್ನು ವಿಸ್ತರಿಸುವ ಕೆಲಸ ಮಾತ್ರ ವರ್ಷಗಟ್ಟಲೆ ಎಳೆದಿದೆ. ಎಷ್ಟೋ ಬಡಾವಣೆಗಳವರು ಇಂದಿಗೂ ಐದಾರು ದಿನ ನಳ ಕಾಯುತ್ತಾರೆ. ವಾಲ್‌ಮನ್ ಯಾವಾಗ ನೀರು ಬಿಡುತ್ತಾನೆಂದು ಮೊಬೈಲಿಗೆ ಸಂದೇಶ ಕಳಿಸುವುದಕ್ಕೆಂದೇ 2011ರ ಸುಮಾರಿಗೆ ಈ ಊರಿನಲ್ಲಿ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಕೆಲಸ ಶುರು ಮಾಡಿತ್ತು. ನೀರು ಬರುವ ಹೊತ್ತು ತಿಳಿಯುವುದೇ ಇಲ್ಲಿ ಅಷ್ಟು ದೊಡ್ಡ ವಿಷಯ.

ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ದೇಶದ ನೀರು ಸರಬರಾಜಿನ ಅಳತೆಗೋಲು. ಪೈಪು ಹಿಡಿದು ನಿಂತರೆ ನಿಮಿಷಕ್ಕೆ ಹತ್ತು-ಹದಿನೈದು ಲೀಟರ್ ಹರಿಯುತ್ತದೆ. ಕಾಲು ಗಂಟೆ ಕಾರು ತೊಳೆದರೆ ಒಬ್ಬರ ಒಂದು ದಿನದ ಪಾಲಿಗಿಂತ ಹೆಚ್ಚು ನೀರು ಗಟಾರ ಸೇರಿತು. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ಬೇಸಿಗೆಯ ಬಾಯಿಗೆ ಬಂದು ನಿಂತು ದಂಡ ಹಾಕುವುದಕ್ಕಿಂತ, ಜಲಾಶಯದಲ್ಲಿ ಇನ್ನೂ ನೀರಿರುವ ಥಂಡಿಯ ತಿಂಗಳುಗಳಲ್ಲೇ ರೂಢಿ ಬದಲಿಸಿಕೊಳ್ಳುವುದು ವಿವೇಕ.

ಈಗ ಪದ್ಧತಿಯ ವಿಷಯ. ಇದರಲ್ಲಿ ಹೆಚ್ಚು ಪ್ರಸಿದ್ಧವಾದ ದ್ರವ ಅಮೆರಿಕದ ಆಪ್ಟಿಮಮ್ ನೋ ರಿನ್ಸ್. ಏಳೂವರೆ ಲೀಟರ್ ನೀರಿಗೆ 30 ಮಿಲಿ, ಅಂದರೆ 256 ಪಾಲಿಗೆ ಒಂದು ಪಾಲು ಬೆರೆಸುತ್ತಾರೆ. ಶಾಂಪೂವಿನ ಹಾಗೆ ನೊರೆ ಬರುವುದಿಲ್ಲ. ನೊರೆ ಇದ್ದರೆ ಅದನ್ನು ತೊಳೆದು ಕಳೆಯಲು ಮತ್ತೆ ನೀರು ಬೇಕಾಗುತ್ತದೆ. ಇದರಲ್ಲಿರುವ ಪಾಲಿಮರ್‌ಗಳು ಧೂಳಿನ ಕಣವನ್ನು ಸುತ್ತುವರಿದು ಜಾರುವಂತೆ ಮಾಡುತ್ತವೆ. ಹಾಗೆ ಜಾರಿದ ಕಣ ಬಣ್ಣವನ್ನು ಕೆರೆಯದೆ ಬಟ್ಟೆಯ ಎಳೆಯೊಳಗೆ ಸೇರಿಕೊಳ್ಳುತ್ತದೆ. ತೊಯ್ಯಿಸಿದ ಭಾಗವನ್ನು ಕೂಡಲೇ ಒಣ ಬಟ್ಟೆಯಿಂದ ಒರೆಸುವುದರಿಂದ ನೀರು ಅಲ್ಲೇ ಆರಿ ಕಲೆಯಾಗಲು ಅವಕಾಶ ಇರುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಗಾಜಿನ ಮೇಲೆ ಬಿಳಿ ಚುಕ್ಕೆ ಬಿಡುವ ನಮ್ಮ ಊರಿನಲ್ಲಿ ಇದೊಂದು ದೊಡ್ಡ ಅನುಕೂಲ.

ಬಕೆಟ್‌ನ ದ್ರವಕ್ಕಿಂತ ಮುಖ್ಯವಾದದ್ದು ಅರಿವೆಯ ಲೆಕ್ಕ. ಒಂದು ಮೈಕ್ರೋಫೈಬರ್ ಬಟ್ಟೆಯನ್ನು ಎರಡು ಸಲ ಮಡಚಿದರೆ ಬಳಸಬಹುದಾದ ಎಂಟು ಮಗ್ಗುಲು ಸಿಗುತ್ತವೆ. ಒಂದು ಮಗ್ಗುಲಿನಿಂದ ಒಂದೇ ಸಲ, ಒಂದೇ ದಿಕ್ಕಿಗೆ ಎಳೆಯಬೇಕು, ನಂತರ ಮಗ್ಗುಲು ಬದಲಿಸಬೇಕು. ಒಮ್ಮೆ ಕೊಳೆಯಾದ ಬಟ್ಟೆ ಮತ್ತೆ ಬಕೆಟ್‌ಗೆ ಇಳಿಯಕೂಡದು. ಹತ್ತು ಬಟ್ಟೆ ಇದ್ದರೆ ಎಂಬತ್ತು ಶುದ್ಧ ಮಗ್ಗುಲು ಕೈಯಲ್ಲಿರುತ್ತವೆ, ಒಂದು ಕಾರಿಗೆ ಅಷ್ಟು ಧಾರಾಳ. ಈ ಶಿಸ್ತು ಇಲ್ಲದಿದ್ದರೆ ಎಷ್ಟು ದುಬಾರಿ ದ್ರವ ತಂದರೂ ಕೆಲಸಕ್ಕೆ ಬಾರದು.

ಇಲ್ಲಿನ ಧೂಳನ್ನು ಅರಿಯದೆ ಈ ಪದ್ಧತಿಯ ಬೆಲೆ ಕಟ್ಟಲು ಬರುವುದಿಲ್ಲ. ಧಾರವಾಡ ಅರೆಮಲೆನಾಡಿನ ಅಂಚು. ಪಡುವಣಕ್ಕೆ, ಕಲಘಟಗಿ, ಅಳ್ನಾವರದ ಕಡೆ ಕೆಮ್ಮಣ್ಣು. ಹುಬ್ಬಳ್ಳಿಯಿಂದ ಮೂಡಣಕ್ಕೆ, ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಎರೆಭೂಮಿ. ಎರಡೂ ಬಗೆಯ ಮಣ್ಣು ಒಂದೇ ಕಾರಿನ ಮೇಲೆ ಬಂದು ಕೂರುವ ಊರು ಇದು. ಮುಂಗಾರು ಮುಗಿದು ನೆಲ ಒಣಗಿ, ಸುಗ್ಗಿಯ ಟ್ರ್ಯಾಕ್ಟರುಗಳು ಹೊಲದಿಂದ ಡಾಂಬರಿಗೆ ಏರತೊಡಗಿದಾಗ ಗಾಲಿಗಂಟಿದ ಮಣ್ಣು ರಸ್ತೆಗೆ ಬಿದ್ದು ಪುಡಿಯಾಗುತ್ತದೆ. ಅದಕ್ಕೆ ಚೆನ್ನಮ್ಮ ವೃತ್ತದ ಮೇಲ್ಸೇತುವೆ ಕಾಮಗಾರಿಯ ಸಿಮೆಂಟ್ ಧೂಳು, ಬೈಪಾಸ್ ಅಗಲಗೊಳಿಸುವ ಕೆಲಸದ ಜಲ್ಲಿಪುಡಿ ಸೇರಿಕೊಂಡಿವೆ. ಎರೆಮಣ್ಣಿನ ಜೇಡಿಕಣ ಅತಿ ಸೂಕ್ಷ್ಮ. ನೀರು ಕಂಡರೆ ಉಬ್ಬುತ್ತದೆ, ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ. ಬಣ್ಣಕ್ಕೆ ಗೀರು ಹಾಕುವುದು ಆ ಜೇಡಿಯಲ್ಲ, ಅದರ ಜೊತೆಗಿರುವ ಉಸುಕಿನ ಕಣ, ಅಂದರೆ ಬೆಣಚು. ಅದು ಉಕ್ಕಿನ ಚಾಕುವನ್ನೂ ಗೀರಬಲ್ಲದು.

ಇದರ ಮೇಲೆ ಚಳಿಗಾಲದ ಇಬ್ಬನಿ. ಮೋಡವಿಲ್ಲದ ರಾತ್ರಿಯಲ್ಲಿ ಕಾರಿನ ಚಾವಣಿ ತನ್ನ ಕಾವನ್ನು ಬಯಲಿಗೆ ಬಿಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಾಗಾಗಿ ಹೊರಗೆ ನಿಂತ ಕಾರಿನ ಮೇಲೆ ನಸುಕಿಗೆ ಹನಿ ಕಟ್ಟುತ್ತದೆ. ಹಗಲಿನ ಧೂಳು ಆ ಹನಿಯಲ್ಲಿ ನೆನೆದು ತೆಳ್ಳನೆಯ ಕೆಸರಾಗಿ, ಹತ್ತು ಗಂಟೆಯ ಬಿಸಿಲಿಗೆ ಚುಕ್ಕೆ ಚುಕ್ಕೆಯಾಗಿ ಒಣಗುತ್ತದೆ. ಮರುರಾತ್ರಿ ಅದರ ಮೇಲೆ ಇನ್ನೊಂದು ಪದರ ಬೀಳುತ್ತದೆ. ಬೇಸಿಗೆಯ ಧೂಳನ್ನು ಗಾಳಿ ಅಷ್ಟಿಷ್ಟು ಹಾರಿಸಿಕೊಂಡು ಹೋಗುತ್ತದೆ. ಥಂಡಿಯ ಧೂಳು ಹಾಗಲ್ಲ, ಕಚ್ಚಿ ಕೂರುತ್ತದೆ.

ಕೇಶ್ವಾಪುರ, ವಿದ್ಯಾನಗರ, ಸಪ್ತಾಪುರ, ಸಾಧನಕೇರಿ, ಯಾವ ಓಣಿಯಲ್ಲಿ ನೋಡಿದರೂ ಬೆಳಕು ಹರಿಯುವ ಮುನ್ನ ಕಾರು ಒರೆಸುವವರು ಬಂದಿರುತ್ತಾರೆ. ಒಂದು ಬಕೆಟ್, ಒಂದು ಅರಿವೆ. ಮೊದಲು ಒಣ ಅರಿವೆಯಿಂದ ಝಾಡಿಸುತ್ತಾರೆ, ಆಮೇಲೆ ಅದನ್ನೇ ಅದ್ದಿ, ಹಿಂಡಿ, ದುಂಡಗೆ ಉಜ್ಜುತ್ತಾರೆ. ಅದೇ ನೀರು, ಅದೇ ಅರಿವೆ ಮುಂದಿನ ಮನೆಯ ಕಾರಿಗೂ ಹೋಗುತ್ತದೆ. ಮೂರನೆಯ ಕಾರಿನ ಹೊತ್ತಿಗೆ ಬಕೆಟ್‌ನ ತಳದಲ್ಲಿ ಮೂರು ಕಾರಿನ ಉಸುಕು ಕೂತಿರುತ್ತದೆ. ಇಲ್ಲೂ ನೀರು ಉಳಿಯಿತು, ಇಲ್ಲೂ ಜಾಲಾಡಿಸಲಿಲ್ಲ. ಆದರೆ ನಡೆದದ್ದು ಉಸುಕಿನ ಕಾಗದದಿಂದ ಉಜ್ಜಿದಂಥ ಕೆಲಸ. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಲೇಪ ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ, ನಮ್ಮ ತಲೆಗೂದಲಿಗಿಂತಲೂ ತೆಳು. ವರ್ಷಗಟ್ಟಲೆ ಹೀಗೆ ದುಂಡಗೆ ಉಜ್ಜಿದ ಕಪ್ಪು ಕಾರನ್ನು ಬಿಸಿಲಿಗೆ ನಿಲ್ಲಿಸಿ ನೋಡಿದರೆ ಜೇಡರ ಬಲೆಯಂಥ ಗೀರುಗಳು ತಾವಾಗಿ ಕಾಣುತ್ತವೆ. ಕೆಎ-25 ಇರಲಿ, ಕೆಎ-63 ಇರಲಿ, ಊರಿನ ಬಹುಪಾಲು ಕಾರುಗಳ ಗತಿ ಇದೇ.

ತಪ್ಪು ಒರೆಸುವವರದಲ್ಲ. ಅವರ ಕೈಗೆ ಹಳೆಯ ಬನಿಯನ್ನಿನ ತುಂಡು ಕೊಟ್ಟವರು ನಾವು. ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು, ಸೂರ್ಯ ಮೂಡುವುದರೊಳಗೆ ಮುಗಿಯಬೇಕೆಂದು ಅವಸರ ಮಾಡಿದವರೂ ನಾವೇ. ಥಂಡಿಯ ನಸುಕಿನಲ್ಲಿ ಸಿಂಟೆಕ್ಸ್ ಟ್ಯಾಂಕಿನ ಕೊರೆಯುವ ನೀರಿನಲ್ಲಿ ಕೈ ಅದ್ದಿ ಅದ್ದಿ ಬಿರಿದ ಬೆರಳುಗಳಿಂದ ಸೂಕ್ಷ್ಮ ಕೆಲಸವನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ಸರ್ವಿಸ್ ಸ್ಟೇಷನ್ನಿನ ಫೋಮ್ ವಾಶ್ ಇದಕ್ಕಿಂತ ಮೇಲು, ಸಂಶಯವಿಲ್ಲ. ಒತ್ತಡದ ನೀರು ಮೊದಲು ಉಸುಕನ್ನು ಕಳೆದೇ ಮುಂದಿನ ಕೆಲಸ. ಆದರೆ ಒಂದೊಂದು ಕಾರಿಗೆ ನೂರಾರು ಲೀಟರ್ ಬೋರ್‌ವೆಲ್ ನೀರು ಹೋಗುತ್ತದೆ, ಕಡೆಗೆ ಒರೆಸುವ ಬಟ್ಟೆ ಅಲ್ಲಿಯೂ ಹತ್ತು ಕಾರು ಒರೆಸಿದ್ದೇ ಆಗಿರುತ್ತದೆ.

ಜಾಲಾಡಿಸದ ಪದ್ಧತಿ ಎಲ್ಲೆಲ್ಲಿ ಸೋಲುತ್ತದೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಕುಂದಗೋಳದ ಕಡೆಯ ಹೊಲಕ್ಕೆ ಹೋಗಿ ಬಂದ ಕಾರಿನ ಬಾಗಿಲ ಕೆಳಗೆ ಎರೆಮಣ್ಣು ಹೆಪ್ಪುಹೆಪ್ಪಾಗಿ ಅಂಟಿದ್ದರೆ ಯಾವ ಪಾಲಿಮರ್‌ನಿಂದಲೂ ಪ್ರಯೋಜನವಿಲ್ಲ. ಮೊದಲು ನೀರು ಹೊಡೆದು ಹೆಪ್ಪು ಕಳೆಯಲೇಬೇಕು. ಮಡ್‌ಗಾರ್ಡಿನ ಒಳಭಾಗ, ಕಾರಿನ ತಳ ಈ ವಿಧಾನಕ್ಕೆ ಸಿಗುವುದೇ ಇಲ್ಲ. ಮೇಲ್ಸೇತುವೆ ಕಾಮಗಾರಿಯ ಕೆಳಗೆ ದಿನವಿಡೀ ನಿಂತ ಕಾರಿನ ಮೇಲಿನ ಸಿಮೆಂಟ್ ಇಬ್ಬನಿಗೆ ನೆನೆದು ಗಟ್ಟಿಯಾಗಿದ್ದರೆ ಅದನ್ನು ಬಟ್ಟೆಯಿಂದ ಉಜ್ಜುವುದು ಹಾನಿ. ಖಂಡೇನವಮಿ, ದೀಪಾವಳಿ ಪಾಡ್ಯದ ಪೂಜೆ ಮುಗಿದ ಮೇಲೆ ಕಾರಿನ ಮೇಲುಳಿದ ಕುಂಕುಮ, ಅರಿಶಿನ, ಹೂವಿನ ರಸಕ್ಕೂ ಒಂದು ಸಲ ಧಾರಾಳ ನೀರು ಬೇಕು. ಹಬ್ಬದ ಆ ತೊಳೆಯುವಿಕೆಯನ್ನು ನಾನು ಪ್ರಶ್ನಿಸುವುದಿಲ್ಲ. ಅದು ಮುಗಿದು ಸಂಕ್ರಾಂತಿ ದಾಟಿ ಶಿವರಾತ್ರಿಯವರೆಗೆ ಬರುವ ದಿನನಿತ್ಯದ ಧೂಳಿನ ವಿಷಯವಷ್ಟೇ ನನ್ನ ವಾದ. ಆ ಧೂಳಿಗೆ ಇಷ್ಟು ತಕ್ಕ ಉಪಾಯ ಇನ್ನೊಂದನ್ನು ನಾನು ಕಂಡಿಲ್ಲ.

ಋತುವೂ ಇದಕ್ಕೆ ಅನುಕೂಲ. ಏಪ್ರಿಲ್‌ನಲ್ಲಿ ಕಾದ ಬಾನೆಟ್ಟಿನ ಮೇಲೆ ಸಿಂಪಡಿಸಿದ ದ್ರವ ಒರೆಸುವ ಮೊದಲೇ ಆರಿ ಮಬ್ಬು ಬಿಡುತ್ತದೆ. ಚಳಿಗಾಲದಲ್ಲಿ ತಗಡು ತಣ್ಣಗಿರುವುದರಿಂದ ನಿಧಾನವಾಗಿ, ಒಂದೊಂದು ಭಾಗ ಮುಗಿಸಿಕೊಂಡು ಹೋಗಲು ಸಮಯ ಸಿಗುತ್ತದೆ. ಆದರೆ ಹೊತ್ತು ಆರಿಸಿಕೊಳ್ಳಬೇಕು. ಇಬ್ಬನಿ ಹಸಿಯಿರುವಾಗ ಬರಿ ಅರಿವೆ ತಾಗಿಸಬಾರದು, ಆ ತೇವದಲ್ಲಿ ಜಾರಿಸುವ ಗುಣವಿಲ್ಲ, ಕೆಸರನ್ನು ಅತ್ತಿಂದಿತ್ತ ಎಳೆದಂತಾಗುತ್ತದೆ. ಎಂಟು-ಒಂಬತ್ತು ಗಂಟೆಗೆ, ಎಳೆ ಬಿಸಿಲು ಬಂದಾಗ, ನೆರಳಿನಲ್ಲಿ ನಿಲ್ಲಿಸಿ, ಮೊದಲು ಅದೇ ದ್ರವವನ್ನು ಕೈಪಂಪಿನಿಂದ ಚೆನ್ನಾಗಿ ಸಿಂಪಡಿಸಿ ಎರಡು ನಿಮಿಷ ನೆನೆಯಲು ಬಿಡಬೇಕು. ಚಾವಣಿಯಿಂದ ಶುರು ಮಾಡಿ, ಬಾಗಿಲ ಕೆಳಭಾಗವನ್ನು ಕಡೆಗೆ ಇಟ್ಟುಕೊಳ್ಳಬೇಕು. ಚಕ್ರಕ್ಕೆ ಬೇರೆಯದೇ ಬಟ್ಟೆ. ಬಕೆಟ್‌ಗೆ ಉಗುರುಬೆಚ್ಚನೆಯ ನೀರು ಹಾಕಿದರೆ ದ್ರವವೂ ಚೆನ್ನಾಗಿ ಬೆರೆಯುತ್ತದೆ, ಕೈಗೂ ಹಿತ.

ನೀರಿನ ಲೆಕ್ಕದಲ್ಲಿ ಪ್ರಾಮಾಣಿಕವಾಗಿರಬೇಕು. ಎಂಟು-ಹತ್ತು ಲೀಟರಿನಲ್ಲಿ ಕಾರು ಶುದ್ಧವಾಯಿತು ಎನ್ನುವವರು ಹತ್ತು ಬಟ್ಟೆ ಒಗೆಯುವ ನೀರನ್ನು ಮರೆಯುತ್ತಾರೆ. ಅದಕ್ಕೆ ಇನ್ನೆರಡು ಸಣ್ಣ ಬಕೆಟ್ ಬೇಕು. ಅದನ್ನು ಸೇರಿಸಿದರೂ ಮೂವತ್ತು ಲೀಟರ್ ಸುತ್ತ ನಿಲ್ಲುತ್ತದೆ, ಪೈಪಿನ ನೀರಿನ ಐದನೆಯ ಒಂದು ಪಾಲು. ಆ ಬಟ್ಟೆಗಳನ್ನು ಮನೆಯ ಹತ್ತಿಯ ಅರಿವೆಗಳ ಜೊತೆ ಒಗೆಯಬಾರದು, ಜುಂಗು ಹಿಡಿಯುತ್ತದೆ. ಫ್ಯಾಬ್ರಿಕ್ ಸಾಫ್ಟನರ್ ಹಾಕಿದರೆ ನೀರು ಹೀರುವ ಗುಣವೇ ಹೋಗುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಝಾಡಿಸಿ ಮತ್ತೆ ಬಳಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಅಂಗಳದ ಒಂದು ಹರಳು ಸಿಕ್ಕಿಕೊಂಡಿದ್ದರೂ ಇಡೀ ಬಾಗಿಲು ಹಾಳಾದಂತೆ, ಅದೊಂದನ್ನು ಬಿಡಲೇಬೇಕು.

ಧೋ ಎಂದು ನೀರು ಸುರಿಯದೆ ತೊಳೆದಂತೆ ಅನ್ನಿಸುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಅದನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. ಹರಿಯುವ ನೀರೇ ಶುದ್ಧಿ ಎಂಬುದು ನಮ್ಮ ಮನೆಗಳಲ್ಲಿ ಆಳವಾಗಿ ಕೂತ ನಂಬಿಕೆ, ಅಂಗಳ ತೊಳೆಯುವುದರಲ್ಲೂ ದೇವರ ಸಾಮಾನು ಬೆಳಗುವುದರಲ್ಲೂ ಅದೇ ನಡೆದು ಬಂದಿದೆ. ಆದರೆ ನಳ ಬಂದ ದಿನ ಕೊಡ, ಬಿಂದಿಗೆ, ಹಂಡೆಗಳಲ್ಲಿ ಹಿಡಿದಿಟ್ಟು ಮುಂದಿನ ನಳದವರೆಗೆ ಅಳೆದು ಬಳಸುವ ಕಲೆಯನ್ನು ಈ ಊರಿನ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಡುಗೆಮನೆಯಲ್ಲಿ ಇರುವ ಆ ಎಚ್ಚರ ಪೋರ್ಚಿನಲ್ಲಿ ನಿಂತ ಕಾರಿನವರೆಗೂ ಬರಬೇಕು.

ಕಾರು ಇಟ್ಟವರಲ್ಲಿ ನನ್ನ ವಿನಂತಿ ಇಷ್ಟು. ಸರ್ವಿಸ್ ಸ್ಟೇಷನ್ನಿಗೆ ಒಂದು ಸಲ ಕೊಡುವ ದುಡ್ಡಿನಲ್ಲಿ ನಾಲ್ಕಾರು ಮೈಕ್ರೋಫೈಬರ್ ಬಟ್ಟೆ ಬರುತ್ತವೆ. ಅವನ್ನು ತಂದು ನಿಮ್ಮ ಕಾರು ಒರೆಸುವವರ ಕೈಗೆ ಕೊಡಿ. ಒಂದು ಬಾಟಲಿ ದ್ರವ ತರಿಸಿ, ಒಂದು ಸಲ ಜೊತೆಗೆ ನಿಂತು ಮಗ್ಗುಲು ಬದಲಿಸುವುದನ್ನು ತೋರಿಸಿ. ದಿನಾ ಝಾಡಿಸುವುದನ್ನು ನಿಲ್ಲಿಸಿ ವಾರಕ್ಕೊಮ್ಮೆ ಸರಿಯಾಗಿ ತೊಳೆಯಲು ಹೇಳಿ, ತಿಂಗಳ ದುಡ್ಡನ್ನು ಮಾತ್ರ ಕಡಿಮೆ ಮಾಡಬೇಡಿ. ಬಿಸಿಲು ಏರಿದ ಮೇಲೆ ಬರಲು ಹೇಳಿ, ಬಕೆಟ್‌ಗೆ ಬೆಚ್ಚನೆಯ ನೀರನ್ನು ನೀವೇ ತುಂಬಿಕೊಡಿ.